ಕಂಡಿತು ಅಂದವರು

"ಮೇಲೆ ನೋಡಪ್ಪ, ಇನ್ನೂ ಮೇಲೆ. ಹಾಂ, ಬೆರಳು ನೆಟ್ಟಗಿರ್ಲಿ. ನೀನು ಆ ಬೆರಳಿನ ತುದಿ ನೋಡಮ್ಮ. ಸ್ವಲ್ಪ ನಗ್ಬೇಕು, ಅರುಂಧತಿ ಅಂದ್ರೆ ಹಲ್ಲು ಕೀಳೋ ಡಾಕ್ಟ್ರಲ್ಲ" ಎಂದು ಉಮಾಶಂಕರ ಕ್ಯಾಮೆರಾ ಹಿಂದಿನಿಂದ ಕೂಗಿದಾಗ ಮಂಟಪದಲ್ಲಿದ್ದವರೆಲ್ಲ ನಕ್ಕರು. ಹೊರಗೆ ಮೇ ತಿಂಗಳ ಬಿಸಿಲು, ಗಂಟೆ ಇನ್ನೂ ಹನ್ನೊಂದು. ಮದುಮಗನ ಬೆರಳು ತೋರಿಸುತ್ತಿದ್ದ ಕಡೆ ಇದ್ದದ್ದು ಒಂದು ಫ್ಯಾನು, ಅದರ ಪಕ್ಕದಲ್ಲಿ ಯಾರದೋ ಹುಟ್ಟುಹಬ್ಬದಲ್ಲಿ ತಪ್ಪಿಸಿಕೊಂಡು ಹೋಗಿ ಛತ್ತಿಗೆ ಅಂಟಿದ್ದ ಬಲೂನು. "ಅರುಂಧತಿ ಕಂಡಳಾ?" ಎಂದರು ಪುರೋಹಿತರು. "ಕಂಡ್ಳು" ಎಂದ ಮದುಮಗ. ಮದುಮಗಳೂ ತಲೆ ತಗ್ಗಿಸಿಯೇ "ಕಂಡ್ಳು" ಎಂದಳು. ಹಾಡೇ ಹಗಲಲ್ಲಿ, ಸಿಮೆಂಟಿನ ಛತ್ತಿನಲ್ಲಿ ನಕ್ಷತ್ರ ಕಂಡವರನ್ನು ಉಮಾಶಂಕರ ಇಷ್ಟು ವರ್ಷಗಳಲ್ಲಿ ಎಷ್ಟು ಮಂದಿ ನೋಡಿದ್ದಾನೋ! ಒಬ್ಬರಾದರೂ "ಇಲ್ಲ ಸ್ವಾಮಿ, ಕಾಣ್ತಿಲ್ಲ" ಅಂದದ್ದಿಲ್ಲ. ಅವನು ಲೆನ್ಸಿನ ಉಂಗುರ ತಿರುಗಿಸಿದ. ಮದುಮಗಳ ಮುಖ ಹತ್ತಿರ ಬಂದಂತಾಗಿ ಮತ್ತೆ ಸರಿಯಿತು, ಬಿಸಿನೀರಿನ ಹಂಡೆಯ ಆಚೆಗೆ ಕೂತವರ ಹಾಗೆ. ಇತ್ತ ತಿರುಗಿಸಿದರೂ ಅಷ್ಟೇ, ಅತ್ತ ತಿರುಗಿಸಿದರೂ ಅಷ್ಟೇ. ಮಂಟಪದ ಒಂದೊಂದು ಬಲ್ಬಿಗೂ ಕೂದಲು ಕೆದರಿತ್ತು. "ಸೂಪರ್!" ಎಂದು ಜೋರಾಗಿ ಕೂಗಿ ಕ್ಲಿಕ್ಕಿಸಿದ. ಇತ್ತೀಚೆಗೆ ಫೋಟೋ ಎಷ್ಟು ಅನುಮಾನವೋ ಸೂಪರ್ ಅಷ್ಟು ಜೋರಾಗಿ ಬರುತ್ತಿತ್ತು.

ಅವನಿಗೆ ಕೆಲಸ ಕಲಿಸಿದ ಪಿಳ್ಳಣ್ಣ, ದೇವನಹಳ್ಳಿಯ ಹಳೇ ಬಸ್‌ಸ್ಟ್ಯಾಂಡಿನ ಹತ್ತಿರ ಸ್ಟುಡಿಯೋ ಇಟ್ಟಿದ್ದವನು, "ಫೋಕಸ್ ಲೆನ್ಸಿನಾಗಿಲ್ಲ ಕಣ್ಲಾ, ಕಣ್ಣಾಗೈತೆ" ಅನ್ನುತ್ತಿದ್ದ. ಆ ಒಂದು ಮಾತನ್ನು ಕಟ್ಟಿಕೊಂಡು ಉಮಾಶಂಕರ ಇವತ್ತಿಗೂ ಆಟೋ ಫೋಕಸ್ಸಿನ ಗುಂಡಿ ಮುಟ್ಟಿದವನಲ್ಲ. ಹೊಸ ಹುಡುಗರು ಮುಟ್ಟಿದರೆ "ಅದು ಕಣ್ಣಿಲ್ದೋರಿಗೆ ಕೊಟ್ಟಿರೋ ಕೋಲು" ಎಂದು ನಾಲ್ಕು ಜನರ ಮುಂದೆ ಆಡಿಕೊಂಡಿದ್ದ. ಈಗ ಆ ಮಾತು ದಿನಾ ಬೆಳಿಗ್ಗೆ ಎದ್ದು ಬಂದು ಅವನ ಎದುರೇ ಕೂರುತ್ತಿತ್ತು. ಸಂಕ್ರಾಂತಿಯಿಂದೀಚೆಗೆ ಬಸ್ಸಿನ ಬೋರ್ಡು ಓದಲಾಗುತ್ತಿರಲಿಲ್ಲ. ಮೊನ್ನೆ ಸಂಜೆ ಸರ್ಕಲ್ಲಿನಲ್ಲಿ ಯಾರೋ ಕೈಮುಗಿದು ನಿಂತಿದ್ದಾರೆಂದು ಇವನೂ ಸ್ಕೂಟರ್ ನಿಲ್ಲಿಸಿ "ಚೆನ್ನಾಗಿದ್ದೀರಾ ಅಣ್ಣ?" ಎಂದು ಕೈಮುಗಿದ. ನೋಡಿದರೆ ಯಾವುದೋ ಲೀಡರಿನ ಹುಟ್ಟುಹಬ್ಬದ ಕಟೌಟು. ಪಕ್ಕದ ಟೀ ಅಂಗಡಿಯವರು ನಕ್ಕರೋ ಇಲ್ಲವೋ ಗೊತ್ತಾಗಲಿಲ್ಲ, ಯಾಕೆಂದರೆ ಅವರ ಮುಖವೂ ಕಾಣುತ್ತಿರಲಿಲ್ಲ. ಶಂಕರನ ಕಣ್ಣು ಹೋಯ್ತಂತೆ ಅನ್ನೋ ಸುದ್ದಿ ಒಂದು ಸಲ ಊರಿಗೆ ಬಿದ್ದರೆ ಮುಗೀತು. ಕಾರ್ತೀಕಕ್ಕೆ ಹೇಳಿಟ್ಟ ಮದುವೆಗಳೆಲ್ಲ ಬೇರೆಯವರ ಪಾಲು. ಅದಾದರೂ ಹೋಗಲಿ, ಕಣ್ಣೊಂದನ್ನು ಬಿಟ್ಟರೆ ತಾನು ಯಾರು ಅನ್ನುವುದೇ ಅವನಿಗೆ ತಿಳಿಯುತ್ತಿರಲಿಲ್ಲ. ಹೆಂಡತಿ ವಾಣಿಶ್ರೀಗೂ ಹೇಳಿರಲಿಲ್ಲ. ಅವಳಿಗಂತೂ ಹೇಳಲೇಬಾರದು.

ಇಷ್ಟು ಸಾಲದೆಂಬಂತೆ ಇವತ್ತು ಮೂರು ಗಂಟೆಗೆ ಅಕ್ಷತ ಮೇಡಂ ಕರೆದಿದ್ದರು. ಆವತಿ ರಸ್ತೆಯಲ್ಲಿ ಹೊಸದಾಗಿ ಎದ್ದಿರುವ ಸಂಶೋಧನಾ ಕೇಂದ್ರಕ್ಕೆ ಅವನು ಹೋದದ್ದು ಅಲ್ಲಿಯವರ ಗುರುತಿನ ಚೀಟಿಗೆ ಫೋಟೋ ತೆಗೆಯಲು. ಅಲ್ಲಿ ಈ ಹುಡುಗಿ, ದೊಡ್ಡಬಳ್ಳಾಪುರದವಳು, ಸಣ್ಣಗೆ ಕಡ್ಡಿಯ ಹಾಗಿದ್ದಾಳೆ, ಕಣ್ಣು ಮಾತ್ರ ಮುಖದ ತುಂಬ, "ಸರ್, ಮನುಷ್ಯನ ಕಣ್ಣಿಗೆ ಕಾಣಬೇಕು ಅಂದ್ರೆ ಕಡಿಮೆ ಅಂದ್ರೆ ಎಷ್ಟು ಬೆಳಕು ಬೇಕು ಹೇಳಿ ನೋಡೋಣ?" ಎಂದು ಕೇಳಿದ್ದಳು. ಬೆಳಕೂ ಕಾಳಿನ ಹಾಗೆಯೇ ಅಂತೆ, ಬಿಡಿಬಿಡಿ. ಪೂರಾ ಕತ್ತಲಲ್ಲಿ ಅರ್ಧ ಗಂಟೆ ಕೂತ ಕಣ್ಣು ಅಂಥ ನಾಲ್ಕಾರು ಕಾಳು ಬಿದ್ದರೂ ಕಂಡುಹಿಡಿಯುತ್ತದಂತೆ. ಒಂದೇ ಒಂದು ಬಿದ್ದರೆ? ಅದು ಗೊತ್ತಿಲ್ಲ, ಅದಕ್ಕೇ ಸುತ್ತಮುತ್ತಲ ಊರಿನವರನ್ನು ಕೂರಿಸಿ ನೋಡುತ್ತಿದ್ದೇವೆ, ನೀವು ಫೋಟೋಗ್ರಾಫರು, ನಿಮ್ಮ ಕಣ್ಣು ಸಿಕ್ಕರೆ ನಮ್ಮ ಪುಣ್ಯ ಎಂದಿದ್ದಳು. ಪುಣ್ಯ ಅನ್ನುವ ಮಾತು ಕೇಳಿದ ಮೇಲೆ ಇಲ್ಲ ಅನ್ನುವುದು ಹೇಗೆ? ಹೋಗಿ ಕೂತ. ಕಪ್ಪು ಕೋಣೆ. ತನ್ನ ಕೈ ತನಗೆ ಕಾಣದ ಕತ್ತಲು. ಗದ್ದವನ್ನು ಒಂದು ಪಟ್ಟಿಯ ಮೇಲೆ ಇಟ್ಟುಕೊಂಡು ಎದುರಿನ ಸಾಸಿವೆಯಂಥ ಕೆಂಪು ಚುಕ್ಕೆಯನ್ನೇ ನೋಡುತ್ತಿರಬೇಕು. ಟುಂಯ್ ಎಂದು ಸದ್ದಾಗುತ್ತದೆ. ಪಕ್ಕದಲ್ಲಿ ಮಿಣುಕ್ ಅಂದರೆ "ಕಂಡಿತು", ಅನ್ನದಿದ್ದರೆ "ಇಲ್ಲ". ಅಷ್ಟೇ ಕೆಲಸ. ಮೊದಲ ಟುಂಯ್ ಆಯಿತು, ಏನೂ ಕಾಣಲಿಲ್ಲ. "ಕಂಡಿತು" ಎಂದ. ಎರಡನೆಯದಕ್ಕೂ ಕಂಡಿತು. ಆಮೇಲೆ ನಾಲಿಗೆಗೆ ಅದೇ ಅಭ್ಯಾಸವಾಗಿ ಪ್ರತಿ ಟುಂಯ್‌ಗೂ ಕಂಡಿತು, ಕಂಡಿತು. ನಡುವೆ ಒಮ್ಮೆ ಸದ್ದಾಗುವ ಮೊದಲೇ ಕಂಡಿತು ಎಂದುಬಿಟ್ಟ. ನಿನ್ನೆ ಆ ಹುಡುಗಿ ಫೋನ್ ಮಾಡಿ "ಸರ್, ನಿಮ್ಮ ರಿಸಲ್ಟ್ ಸ್ವಲ್ಪ ವಿಚಿತ್ರವಾಗಿದೆ, ಇನ್ನೊಂದ್ಸಲ ಬನ್ನಿ" ಎಂದಾಗ ಅವನಿಗೆ ಮೊದಲು ನೆನಪಾದದ್ದು ಸದ್ದಿಗೂ ಮುಂಚೆ ಅಂದ ಆ ಒಂದು ಕಂಡಿತು.

ಮದುವೆ ಊಟಕ್ಕೆ ಕೂತಾಗ ವಾಣಿಯ ಫೋನು ಬಂತು. ಸ್ಟುಡಿಯೋದ ಕಂಪ್ಯೂಟರಿನಲ್ಲಿ ಫೋಟೋ ಆರಿಸುವುದು, ಬಣ್ಣ ತಿದ್ದುವುದು, ಆಲ್ಬಮ್ ಕಟ್ಟುವುದು ಎಲ್ಲ ಅವಳದು. "ಅರುಂಧತಿ ಆಯ್ತಾ?" ಎಂದಳು. "ಆಯ್ತು." "ಎರಡೆರಡು ತೆಗೆದ್ರಿ ತಾನೆ? ಮೊನ್ನೆ ಹಂಗೆ ಕಾರ್ಡು ಕೈಕೊಟ್ರೆ ಕಷ್ಟ." ಹೌದು, ಕ್ಯಾಮೆರಾದ ಈ ಮೆಮೊರಿ ಕಾರ್ಡುಗಳದೊಂದು ಕಾಟ. ಹಿಂದಿನ ಮದುವೆಯದು ಅರ್ಧಕ್ಕರ್ಧ ಕಾರ್ಡಿನಲ್ಲೇ ಕೆಟ್ಟುಹೋಗಿತ್ತು, ಅದರ ಹಿಂದಿನದರಲ್ಲೂ ಹಾಗೇ. ಮಾರಿದ ಅಂಗಡಿಯವನ ಹತ್ತಿರ ಹೋಗಿ ಕಿತ್ತಾಡಿ ಬಂದಿದ್ದ. "ಇದು ಹೊಸಾದು ಕಣೇ, ಏನಾಗಲ್ಲ" ಎಂದ. "ಅದೂ ಹೊಸಾದೇ ಆಗಿತ್ತು" ಎಂದಳು ಅವಳು, ಯಾಕೋ ದನಿ ತಗ್ಗಿಸಿ. ಎಲೆಗೆ ಬಡಿಸಿದ ಹೋಳಿಗೆಯ ಮೇಲೆ ತುಪ್ಪ ಬಿತ್ತು. ತುಪ್ಪ ಬಿದ್ದದ್ದು ಮೂಗಿಗೆ ಗೊತ್ತಾಯಿತೇ ಹೊರತು ಕಣ್ಣಿಗಲ್ಲ. ಸ್ಟುಡಿಯೋದ ಗೋಡೆಯ ಮೇಲೆ ಅವರಿಬ್ಬರದೇ ಅರುಂಧತಿ ಫೋಟೋ ಇದೆ, ಪಿಳ್ಳಣ್ಣ ತೆಗೆದದ್ದು. ತೂಬಗೆರೆಯಲ್ಲಿ ವಾಣಿಯ ಮನೆ ಮುಂದಿನ ಚಪ್ಪರ. ಹುಡುಗ ಉಮಾಶಂಕರ ಚಪ್ಪರದ ಸೋಗೆಯ ಕಡೆಗೆ ಬೆರಳೆತ್ತಿದ್ದಾನೆ, ಎದೆ ಉಬ್ಬಿಸಿದ್ದಾನೆ. ಆವತ್ತು ಸೋಗೆಯ ಸಂದಿಯಿಂದ ಸೂರ್ಯ ಕಣ್ಣಿಗೆ ಚುಚ್ಚಿ ನೀರು ಬಂದಿತ್ತು, ಆದರೂ "ಕಂಡ್ಳು" ಎಂದಿದ್ದ. ಪಕ್ಕದಲ್ಲಿ ವಾಣಿ. ಅವಳು ಬೆರಳನ್ನೂ ನೋಡುತ್ತಿಲ್ಲ, ಆಕಾಶವನ್ನೂ ನೋಡುತ್ತಿಲ್ಲ. ಇವನ ಮುಖ ನೋಡುತ್ತಿದ್ದಾಳೆ. ಫೋಟೋ ಕೆಟ್ಟಿತು ಅಂತ ಪಿಳ್ಳಣ್ಣ ಬೈದುಕೊಂಡಿದ್ದ. ಆದರೂ ಅವಳು ಆಮೇಲೆ "ಕಂಡ್ಳು" ಎಂದದ್ದು ಅವನಿಗೆ ಚೆನ್ನಾಗಿ ನೆನಪಿದೆ, ಅಷ್ಟು ನೆಮ್ಮದಿಯಾಗಿ. ಅವಳಿಗೆ ಏನೋ ಕಂಡಿರಬೇಕು, ತಾನೊಬ್ಬ ಸುಳ್ಳ ಎಂದು ಇಷ್ಟು ವರ್ಷವೂ ಒಳಗೊಳಗೇ ಅಂದುಕೊಂಡು ಬಂದಿದ್ದ. ಹೋಳಿಗೆ ಇನ್ನೊಂದು ಹಾಕಿಸಿಕೊಂಡ. ಹೆದರಿಕೆಯಾದಾಗ ಅವನಿಗೆ ಹಸಿವು ಜಾಸ್ತಿ.

ಕೇಂದ್ರದ ಗೇಟಿನಲ್ಲಿ ಸೆಕ್ಯುರಿಟಿ ಆಂಜಿನಪ್ಪ, ಆವತಿಯವನೇ, ನಿವೃತ್ತಿಯಾದ ಮೇಲೆ ಇಲ್ಲಿ ಸೇರಿದವನು, ಸಲ್ಯೂಟ್ ಹೊಡೆದು "ಏನ್ ಗುರು, ಮತ್ತೆ ಕತ್ಲೆ ಕೋಣೆಗಾ?" ಎಂದ. "ಹೂಂ ಅಣ್ಣ, ಕರೆದವ್ರೆ." "ನನ್ನೂ ಕರೆದಿದ್ರು. ಇವತ್ತು ಬೆಳಿಗ್ಗೆ ಚೆನ್ನಾಗಿ ಮಂಗಳಾರತಿ ಆಯ್ತು" ಎಂದು ಆಂಜಿನಪ್ಪ ಕಿವಿ ಕೆರೆದುಕೊಂಡ. "ನಾನು ಎಲ್ಲಕ್ಕೂ ಕಾಣ್ತು ಕಾಣ್ತು ಅಂದ್ಬಿಟ್ಟಿದ್ದೆ ಕಣಪ್ಪ. ಏನ್ಮಾಡ್ಲಿ? ಆ ಮಗು ಅಷ್ಟು ಆಸೆಯಿಂದ ಕೇಳ್ತದೆ. ಮನೆಗೆ ಕರೆದು ಎಲೆ ಹಾಕ್ದೋರಿಗೆ ಉಪ್ಪಿಲ್ಲ ಅಂತೀವಾ? ಹಂಗೇ ಇದೂನೂವೆ. ನಮ್ಮೂರೋರೆಲ್ಲ ಹಂಗೇ ಅಂದವ್ರೆ." ಉಮಾಶಂಕರ ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತಲೇ ಮೆಟ್ಟಿಲು ಇಳಿಯುವಾಗ ನಗು ನಿಂತುಹೋಯಿತು. ಆಂಜಿನಪ್ಪ ಮರ್ಯಾದೆಗೆ ಅಂದ, ಆ ಹುಡುಗಿಯ ಮನಸ್ಸು ನೋಯದಿರಲಿ ಅಂತ. ತಾನು ಅಂದದ್ದು ತನ್ನ ಮಾನ ಉಳಿಯಲಿ ಅಂತ. ಸುಳ್ಳು ಒಂದೇ, ಆದರೆ ಅವನದು ಸಂತೆಯಲ್ಲಿ ನಿಂತು ಹೇಳಿಕೊಳ್ಳಬಹುದಾದದ್ದು, ಇದು ಯಾರಿಗೂ ಹೇಳಲಾಗದ್ದು. ನೆಲಮಾಳಿಗೆಯ ಮೆಟ್ಟಿಲು ಎಲ್ಲಿ ಮುಗಿಯಿತು ಎಂದು ತಿಳಿಯದೆ ಇಲ್ಲದ ಇನ್ನೊಂದು ಮೆಟ್ಟಿಲಿಗೆ ಕಾಲಿಟ್ಟು ಮುಗ್ಗರಿಸಿದ.

"ಸರ್, ನಾನು ಬೈಯಲ್ಲ" ಎಂದೇ ಶುರುಮಾಡಿದಳು ಅಕ್ಷತ. ಬೈಯುವವರು ಹಾಗೇ ಶುರುಮಾಡುವುದು. "ನಾವು ಬಾರಿಸೋ ಸದ್ದಿನಲ್ಲಿ ಅರ್ಧದಷ್ಟಕ್ಕೆ ಬೆಳಕೇ ಬಿಡಲ್ಲ. ಬೇಕಂತಲೇ ಖಾಲಿ ಬಿಡ್ತೀವಿ. ನೀವು ಅದಕ್ಕೂ ಕಂಡಿತು ಅಂದಿದ್ದೀರಿ. ಆಂಜಿನಪ್ಪೋರೂ ಅಂದಿದ್ದಾರೆ, ಆವತಿಯಿಂದ ಬಂದ ಅಷ್ಟೂ ಜನ ಅಂದಿದ್ದಾರೆ. ಪ್ರಪಂಚದಲ್ಲಿ ಎಲ್ಲೂ ಇಲ್ಲದ ಕಣ್ಣು ನಮ್ಮ ತಾಲ್ಲೂಕಿನಲ್ಲಿದೆ ಅಂತ ಬರೆದುಕಳಿಸಿದ್ರೆ ನನ್ನನ್ನ ಕೆಲಸದಿಂದ ತೆಗೀತಾರೆ." ಅವಳು ನಗುತ್ತಿದ್ದಳು, ಆದರೆ ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ಇಷ್ಟು ಹತ್ತಿರದಲ್ಲಿ ಅದು ಅವನಿಗೂ ಕಂಡಿತು. ಈ ಮಗುವಿನ ಕೆಲಸದ ಮೇಲೆ ಊರಿಗೆ ಊರೇ ಮರ್ಯಾದೆಯನ್ನು ಸುರಿದು ಹಾಳುಮಾಡಿದೆಯಲ್ಲ! "ಎಲ್ಲದಕ್ಕೂ ಕಂಡಿತು ಅಂದ್ರೆ ಏನೂ ಹೇಳದೇ ಇದ್ದ ಹಾಗೆ ಸರ್. ನೀವು ಇಲ್ಲ ಅನ್ನೋದ್ರಿಂದಲೇ ನಿಮ್ಮ ಹೌದಿಗೆ ಬೆಲೆ. ಇವತ್ತು ನನಗೋಸ್ಕರ ಕಾಣದೇ ಇದ್ದಾಗ ಇಲ್ಲ ಅನ್ನಿ. ಎಷ್ಟು ಸಲ ಬೇಕಾದ್ರೂ ಅನ್ನಿ. ಬೇಜಾರಿಲ್ಲ, ಆಣೆ." "ಆಯ್ತಮ್ಮ" ಎಂದ. ಮೇಡಂ ಅನ್ನುವುದು ಮರೆತುಹೋಗಿತ್ತು.

ಮತ್ತೆ ಆ ಕತ್ತಲು. ಅರ್ಧ ಗಂಟೆ ಸುಮ್ಮನೆ ಕೂತಿರಬೇಕು, ಕಣ್ಣು ಪಳಗಲಿ ಅಂತ. ಮೊದಲು ಕತ್ತಲೊಳಗೆ ಮಂಟಪದ ಬಲ್ಬುಗಳೆಲ್ಲ ಬಂದವು, ಆಮೇಲೆ ಮದುಮಗಳ ಮಸುಕು ಮುಖ, ಆಮೇಲೆ ಕೈಮುಗಿದ ಕಟೌಟು. ಆಮೇಲೆ ಅವೂ ಹೋದವು. ಪಿಳ್ಳಣ್ಣನ ಡಾರ್ಕ್‌ರೂಮಿನಲ್ಲಿ ತಟ್ಟೆಯ ನೀರಿನಲ್ಲಿ ಬಿಳಿ ಕಾಗದದಿಂದ ಯಾರದೋ ಹುಬ್ಬು, ಯಾರದೋ ಮೂಗು ಮೆಲ್ಲಗೆ ಏಳುತ್ತಿದ್ದದ್ದು ನೆನಪಾಯಿತು. ಅವಸರ ಮಾಡಿ ಕಾಗದ ಎತ್ತಿದರೆ ಪಿಳ್ಳಣ್ಣ ತಲೆಗೆ ಮೊಟಕುತ್ತಿದ್ದ, "ಬರೋವರ್ಗೂ ಬಂದಿಲ್ಲ ಕಣ್ಲಾ" ಅನ್ನುತ್ತಿದ್ದ. ಟುಂಯ್. ಉಮಾಶಂಕರನ ನಾಲಿಗೆ ಕ ಅನ್ನಲು ಎದ್ದೇಬಿಟ್ಟಿತ್ತು. ಅದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದ. "ಇಲ್ಲ" ಎಂದ. ದನಿ ಎಷ್ಟು ಸಣ್ಣಗೆ ಬಂತೆಂದರೆ ಬೇರೆ ಯಾರೋ ಅಂದ ಹಾಗಿತ್ತು. ಏನೂ ಆಗಲಿಲ್ಲ. ಯಾರೂ ನಗಲಿಲ್ಲ. ಟುಂಯ್. "ಇಲ್ಲ." ಈ ಸಲ ಸ್ವಲ್ಪ ಗಟ್ಟಿಯಾಗಿ. ಟುಂಯ್. "ಇಲ್ಲ." ಅಯ್ಯೋ ಶಿವನೇ, ಎಷ್ಟು ಹಗುರ! ಕ್ಯಾಮೆರಾ ಬ್ಯಾಗನ್ನು ಹೆಗಲಿಂದ ಇಳಿಸಿದ ಹಾಗೆ. ಇಲ್ಲ, ಇಲ್ಲ, ಬಸ್ಸಿನ ಬೋರ್ಡು ಕಾಣಲ್ಲ, ತುಪ್ಪ ಕಾಣಲ್ಲ, ಸೋಗೆಯ ಸಂದಿಯಲ್ಲಿ ಯಾವ ಅರುಂಧತಿಯೂ ಕಾಣಲಿಲ್ಲ, ಬಿಸಿಲು ಕಾಣಿಸಿತು ಅಷ್ಟೇ. ಅವನಿಗೆ ನಗು ಬಂತು. ಗದ್ದದ ಪಟ್ಟಿ ಅಲ್ಲಾಡಿತು. "ಸರ್, ಅಲ್ಲಾಡಬೇಡಿ" ಎಂದಿತು ಕತ್ತಲು. ಆಮೇಲೊಮ್ಮೆ ಟುಂಯ್ ಆದಾಗ ಎಡಗಡೆ ಏನೋ ಆಯಿತು. ಬೆಳಕು ಅನ್ನಲಾಗದು. ನಿದ್ದೆಯಲ್ಲಿದ್ದ ಮನೆಯಲ್ಲಿ ಯಾರೋ ಮಗ್ಗುಲು ಬದಲಿಸಿದ ಹಾಗೆ, ಆಯಿತೋ ಇಲ್ಲವೋ ಅನ್ನುವಷ್ಟು. ಅವನು ಕಾದ. ಒಳಗೆ ಒಮ್ಮೆ ಕೇಳಿಕೊಂಡ. "ಕಂಡಿತು" ಎಂದ. ಆ ಮಾತು ಬಾಯಿಂದ ಹೊರಗೆ ಬಂದದ್ದು ಹೊಸದಾಗಿ ತೊಳೆದ ಲೋಟದ ಹಾಗಿತ್ತು.

ದೀಪ ಹಾಕಿದಾಗ ಅಕ್ಷತ ಪರದೆ ನೋಡಿ ಕೈ ತಟ್ಟಿದಳು, ಚಿಕ್ಕ ಹುಡುಗಿಯ ಹಾಗೆ. "ನೀವು ಕಂಡಿತು ಅಂದದ್ದು ಸ್ವಲ್ಪವೇ ಸರ್. ಆದ್ರೆ ಹೆಚ್ಚೂ ಕಮ್ಮಿ ಎಲ್ಲವೂ ನಿಜ! ಖಾಲಿ ಬಿಟ್ಟ ಕಡೆ ಒಂದೆರಡು ಸಲ ಜಾರಿದ್ದೀರಿ, ಅದು ಎಲ್ಲರೂ ಜಾರ್ತಾರೆ." ಅವನ ಮುಖ ಅರಳಿತು. ತಾನು ಕುರುಡನಲ್ಲ. ಕತ್ತಲಿನಲ್ಲಿ ಬಿದ್ದ ನಾಲ್ಕು ಕಾಳನ್ನು ಹೆಕ್ಕಿದ ಕಣ್ಣು ಇದು. ಅವಳು ಮತ್ತೊಮ್ಮೆ ಪರದೆ ನೋಡಿ, "ಒಂದು ಹೇಳ್ಲಾ ಸರ್? ಸರಿಯಾಗಿ ಹೇಳಿದ ಬೇರೆ ಊರಿನವರಿಗಿಂತ ನಿಮಗೆ ಕೊಂಚ ಜಾಸ್ತಿ ಬೆಳಕು ಬೇಕಾಯ್ತು. ನಾನು ಡಾಕ್ಟರ್ ಅಲ್ಲ. ಒಂದ್ಸಲ ಕಣ್ಣು ತೋರಿಸ್ಕೊಳ್ಳಿ" ಎಂದಳು. ಅಲ್ಲಿಗೆ ಮುಗೀತು, ಬೇರೆಯವರ ಬಾಯಿಂದ ಬಂದೇಬಿಟ್ಟಿತು. ನೆಲ ಬಿರಿಯುತ್ತದೆ ಎಂದುಕೊಂಡಿದ್ದ, ಬಿರಿಯಲಿಲ್ಲ. "ದೀಪಕ್ಕೆಲ್ಲ ಕೂದಲು ಬಂದಿದೆಯಮ್ಮ" ಎಂದ. ಯಾರಿಗೂ ಹೇಳದ್ದನ್ನು ಹೇಳಿದ. "ಹಾಗಾದ್ರೆ ಬೇಗ ಹೋಗಿ. ಮನೆಯವರಿಗೆ ಹೇಳಿದ್ದೀರಾ?" ಎಂದಳು. "ಇಲ್ಲ" ಎಂದ. ಆ ದಿನದ ಇಲ್ಲಗಳಲ್ಲೆಲ್ಲ ಅದೊಂದೇ ಭಾರವಾದದ್ದು.

ಸಂಜೆ ಅವನು ತಂದುಕೊಟ್ಟ ಕಾರ್ಡು ನೋಡಿ ಮುಗಿಸಿ, ಕತ್ತಲಾದ ಮೇಲೆ ಸ್ಟುಡಿಯೋದ ಮೇಲಿನ ತಾರಸಿಯಲ್ಲಿ ವಾಣಿ ಒಣಹಾಕಿದ್ದ ಬಟ್ಟೆ ತೆಗೆಯುತ್ತಿದ್ದಳು. ಉಮಾಶಂಕರ ಟೀ ಲೋಟ ಹಿಡಿದು ಮೇಲೆ ಹೋದ. ತೆಂಕಲಿಗೆ ಏರ್‌ಪೋರ್ಟಿನ ದೀಪಗಳು ಆಕಾಶವನ್ನೇ ಬೆಳ್ಳಗೆ ಮಾಡಿದ್ದವು. ಬಡಗಲಿಗೆ, ನಂದಿಬೆಟ್ಟದ ಕಡೆಗೆ, ಇನ್ನೂ ಸ್ವಲ್ಪ ಕತ್ತಲು ಉಳಿದಿತ್ತು. ದಾರಿಯುದ್ದಕ್ಕೂ ಹೇಗೆ ಹೇಳುವುದೆಂದು ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಮೆಟ್ಟಿಲಲ್ಲೇ ಉದುರಿಹೋಗಿತ್ತು. "ಇವತ್ತಿನ ಅರುಂಧತಿ ನೋಡ್ದೆ" ಎಂದಳು ವಾಣಿ. "ಕಾರ್ಡು...?" ಎಂದ ಅವನು. ಅವಳು ಸೀರೆ ಮಡಿಸಿ ಹೆಗಲಿಗೆ ಹಾಕಿಕೊಂಡು ಬಡಗಲ ಆಕಾಶಕ್ಕೆ ಬೆರಳೆತ್ತಿದಳು. "ದಿನಾ ಜನಕ್ಕೆ ಛತ್ತು ತೋರಿಸ್ತೀರಲ್ಲ, ನಿಜವಾದ್ದನ್ನ ಯಾವತ್ತಾದ್ರೂ ನೋಡಿದ್ದೀರಾ? ಅಗೋ ಸಪ್ತರ್ಷಿಗಳು. ಅದರ ಬಾಲ ಬಗ್ತದಲ್ಲ, ಆ ನಡುವಿಂದು ವಸಿಷ್ಠ. ಅದಕ್ಕೆ ಅಂಟಿಕೊಂಡ ಹಾಗೆ ಸಣ್ಣಗೆ ಇನ್ನೊಂದು. ಕಂಡ್ಳಾ?"

ಅವನು ನೋಡಿದ. ಬಾಲವೇ ಸರಿಯಾಗಿ ಕಾಣಲಿಲ್ಲ, ಯಾರೋ ಬೂದಿ ಎರಚಿದ ಹಾಗಿತ್ತು. ನಾಲಿಗೆ ಹಳೆಯ ದಾರಿ ಹಿಡಿದು ಎದ್ದಿತು. ಅದನ್ನು ಹಲ್ಲಿನಲ್ಲಿ ಹಿಡಿದುಕೊಂಡ. ಕತ್ತಲ ಕೋಣೆಯಲ್ಲಿ ಅದು ಅಷ್ಟು ಸುಲಭವಾಗಿತ್ತು, ಇಲ್ಲಿ ಇವಳ ಮುಂದೆ ಹಾಗಿರಲಿಲ್ಲ.

"ಇಲ್ಲ ಕಣೇ" ಎಂದ. "ಕಾಣ್ತಿಲ್ಲ. ಅದೂ ಕಾಣ್ತಿಲ್ಲ, ಫೋಕಸ್ಸೂ ಸಿಕ್ತಿಲ್ಲ. ಸಂಕ್ರಾಂತಿಯಿಂದ."

"ಗೊತ್ತು" ಎಂದಳು ವಾಣಿ.

"ಏನ್ ಗೊತ್ತು?"

"ಕಾರ್ಡಿಗೇನೂ ಆಗಿರ್ಲಿಲ್ಲ ರೀ. ಮಸುಕಾಗಿರೋದನ್ನೆಲ್ಲ ನಾನೇ ತೆಗೆದುಹಾಕ್ತಿದ್ದೆ. ನೀವು ನೋಡಿ ನೊಂದುಕೊಳ್ಳೋದು ಬೇಡ ಅಂತ. ಪಾಪ, ನೀವು ಆ ಅಂಗಡಿಯವನ ಮೇಲೆ ಎಗರಾಡಿ ಬಂದ್ರಿ."

ಅವನಿಗೆ ಮೊದಲು ಸಿಟ್ಟು ಬಂದಂತಾಯಿತು, ಆಮೇಲೆ ನಾಚಿಕೆ, ಆಮೇಲೆ ಆ ಅಂಗಡಿಯವನ ಮುಖ ನೆನಪಾಗಿ ತಡೆಯಲಾರದೆ ನಕ್ಕುಬಿಟ್ಟ. ಅವಳೂ ನಕ್ಕಳು. ನಗುತ್ತ ನಗುತ್ತ ಅವನ ಕಣ್ಣಲ್ಲಿ ನೀರು ಬಂತು, ಇದ್ದಬದ್ದ ನಕ್ಷತ್ರವೂ ಕಲಸಿಹೋಯಿತು. "ಪೊರೆ ಬಂದಿರ್ಬೇಕು" ಎಂದಳು ಅವಳು. "ನಮ್ಮಮ್ಮಂಗೆ ತೆಗೆಸಲಿಲ್ವಾ? ಬೆಳಿಗ್ಗೆ ಹೋಗಿ ಸಂಜೆಗೆ ಮನೇಲಿದ್ರು, ಮಾರನೇ ದಿನ ನನ್ನ ತಲೆಯಲ್ಲಿ ಬಿಳಿಕೂದ್ಲು ಎಣಿಸಿದ್ರು. ನಾಳೆ ಹೋಗೋಣ. ನೀವಾಗಿ ಬಾಯಿಬಿಡ್ಲಿ ಅಂತ ಕಾಯ್ತಿದ್ದೆ. ಎಷ್ಟು ದಿನ ಕಾಯಿಸಿದ್ರಿ!"

"ವಾಣಿ, ನಮ್ಮ ಮದ್ವೇಲಿ" ಎಂದು ಅವನು ತಡವರಿಸಿದ, "ಆವತ್ತೂ ನಂಗೆ ಕಂಡಿರ್ಲಿಲ್ಲ. ಸುಮ್ನೆ ಅಂದ್ಬಿಟ್ಟೆ."

"ಅದೂ ಗೊತ್ತು. ಹಗಲು ಹೊತ್ತಲ್ಲಿ ನಕ್ಷತ್ರ ಯಾರಿಗೆ ಕಾಣ್ತದೆ? ಈ ಮನುಷ್ಯ ಸುಳ್ಳು ಹೇಳ್ತಾನೋ ಇಲ್ವೋ ಅಂತ ನಿಮ್ಮ ಮುಖಾನೇ ನೋಡ್ತಿದ್ದೆ. ಹೇಳಿದ್ರಿ. ನಿಮಗೆ ಕಣ್ಣಲ್ಲಿ ನೀರು ಬೇರೆ. ಸರಿ ಅಂತ ನಾನೂ ಹೇಳ್ದೆ." ಅವಳು ಬಟ್ಟೆಯ ಕ್ಲಿಪ್ಪುಗಳನ್ನು ಸೆರಗಿನಲ್ಲಿ ಹಾಕಿಕೊಂಡಳು. "ಒಬ್ರೇ ಸುಳ್ಳು ಹೇಳೋಕೆ ಬಿಡೋದಾ?"

ಕೆಳಗೆ ರಸ್ತೆಯಲ್ಲಿ ಏರ್‌ಪೋರ್ಟ್ ಬಸ್ಸೊಂದು ಹೋಯಿತು, ಅದರ ಬೋರ್ಡಿನಲ್ಲಿ ಏನಿತ್ತೋ. ವಾಣಿ ಮತ್ತೆ ಬೆರಳೆತ್ತಿ ಬಡಗಲ ಕಡೆ ನೋಡುತ್ತ ನಿಂತಿದ್ದಳು. ದೀಪವಿಲ್ಲದೆ ಸೂಜಿಗೆ ದಾರ ಪೋಣಿಸುವ ಕಣ್ಣು ಅವಳದು. ಅವನು ಅವಳ ಪಕ್ಕಕ್ಕೆ ಹೋಗಿ ನಿಂತ.

"ಈಗ ನಿಂಗೆ ಕಾಣ್ತಿದ್ದಾಳಾ? ನಿಜ ಹೇಳು."

"ಇಲ್ಲಪ್ಪ" ಎಂದಳು ವಾಣಿ ನೆಮ್ಮದಿಯಾಗಿ. "ನಂಗೂ ಕಾಣ್ತಿಲ್ಲ."

ಎತ್ತಿದ ಬೆರಳು ಮಾತ್ರ ಇದ್ದ ಜಾಗದಿಂದ ಅಲ್ಲಾಡಿರಲಿಲ್ಲ.